ನೆಲದ ಮೇಲೆ ವಿಮಾನಕ್ಕೆ ಬೆಂಕಿ: ತುರ್ತು ನಿರ್ವಹಣೆ

ವಿಮಾನ ನೆಲದ ಮೇಲಿರುವಾಗ ಹೊತ್ತಿಕೊಂಡ ಬೆಂಕಿಯನ್ನು ಹತ್ತಿಕ್ಕುವುದು, ಅದಕ್ಕೂ ಮೊದಲು ಒಳಗಿದ್ದವರನ್ನು ಹೊರಗೆ ತರುವುದು ನಾಗರಿಕ ವಿಮಾನಯಾನದಲ್ಲಿ ಪ್ರತ್ಯೇಕವಾಗಿ ಬೆಳೆದುಬಂದ ಕಾರ್ಯವಿಧಾನ. ಎಂಜಿನ್ ಶುರುಮಾಡುವಾಗ, ಇಂಧನ ತುಂಬುವಾಗ, ಟೇಕಾಫ್ ಓಟದ ನಡುವೆ, ಇಳಿದು ನಿಂತ ಮೇಲೆ, ಯಾರೂ ಇಲ್ಲದೆ ನಿಲ್ದಾಣದ ಮೂಲೆಯಲ್ಲಿ ನಿಂತಿರುವಾಗಲೂ ವಿಮಾನಕ್ಕೆ ಬೆಂಕಿ ಬೀಳಬಹುದು. ಆಕಾಶದಲ್ಲಿ ಬೆಂಕಿ ಕಂಡರೆ ಬೇಗ ಇಳಿಯುವುದೊಂದೇ ದಾರಿ. ನೆಲದ ಮೇಲಾದರೆ ಬಾಗಿಲು ತೆರೆದು ಹೊರಬರುವ ಅವಕಾಶವಿದೆ. ಆ ಅವಕಾಶ ಎಷ್ಟು ಹೊತ್ತು ಉಳಿಯುತ್ತದೆ ಎಂಬುದೇ ಇಡೀ ವಿಷಯದ ತಿರುಳು.

ಕಾಲದ ಲೆಕ್ಕ

ಜೆಟ್ ವಿಮಾನಗಳು ಬಳಸುವ ಜೆಟ್ ಎ-1 ಇಂಧನ ಸೀಮೆಎಣ್ಣೆಯ ಜಾತಿಯದು. ಅದರ ಜ್ವಲನಬಿಂದು ಕನಿಷ್ಠ 38 ಡಿಗ್ರಿ ಸೆಲ್ಸಿಯಸ್. ಪೆಟ್ರೋಲಿನಷ್ಟು ಸುಲಭವಾಗಿ ಅದು ಹೊತ್ತಿಕೊಳ್ಳುವುದಿಲ್ಲ. ಆದರೆ ಒಡೆದ ಟ್ಯಾಂಕಿನಿಂದ ತುಂತುರಾಗಿ ಚಿಮ್ಮಿ ಬಿಸಿ ಎಂಜಿನ್ನಿಗೆ ತಾಗಿದರೆ ಈ ವ್ಯತ್ಯಾಸ ಉಳಿಯುವುದಿಲ್ಲ. ನೆಲದಲ್ಲಿ ಮಡುಗಟ್ಟಿದ ಇಂಧನ ಉರಿಯತೊಡಗಿದರೆ ಅದರ ಜ್ವಾಲೆ ವಿಮಾನದ ಅಲ್ಯೂಮಿನಿಯಂ ಹೊದಿಕೆಯನ್ನು ಸುಮಾರು ಒಂದು ನಿಮಿಷದಲ್ಲಿ ಕರಗಿಸಿ ಒಳನುಗ್ಗಬಲ್ಲದು. ಆಮೇಲೆ ಸೀಟಿನ ಫೋಮ್, ಗೋಡೆಯ ಪ್ಲಾಸ್ಟಿಕ್, ನೆಲಹಾಸು ಸುಡುತ್ತವೆ. ಅವುಗಳ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಅದನ್ನು ಕೆಲವೇ ಸಲ ಉಸಿರಾಡಿದರೂ ಮನುಷ್ಯನಿಗೆ ದಿಕ್ಕು ತಪ್ಪುತ್ತದೆ, ಕಾಲು ಸೋಲುತ್ತದೆ. ಇಂಥ ಅವಘಡಗಳಲ್ಲಿ ಸತ್ತವರಲ್ಲಿ ಎಷ್ಟೋ ಮಂದಿಯನ್ನು ಕೊಂದದ್ದು ಬೆಂಕಿಯಲ್ಲ, ಹೊಗೆ.

ಚಾವಣಿಯಡಿ ಸೇರಿಕೊಂಡ ಬಿಸಿ ಅನಿಲ ಒಂದು ಹಂತ ಮುಟ್ಟಿದಾಗ ಇಡೀ ಕ್ಯಾಬಿನ್ ಒಮ್ಮೆಲೇ ಧಗ್ಗೆಂದು ಹೊತ್ತಿಕೊಳ್ಳುತ್ತದೆ. 1983ರ ಜೂನ್ 2ರಂದು ಅಮೆರಿಕದ ಸಿನ್ಸಿನಾಟಿ ನಿಲ್ದಾಣದಲ್ಲಿ ತುರ್ತಾಗಿ ಇಳಿದ ಏರ್ ಕೆನಡಾದ ಡಿಸಿ-9 ವಿಮಾನದಲ್ಲಿ ಆದದ್ದು ಇದೇ. ಬಾಗಿಲು ತೆರೆದು ಹೊಸ ಗಾಳಿ ಒಳಗೆ ಹೊಕ್ಕ ಒಂದೂವರೆ ನಿಮಿಷದೊಳಗೆ ಬೆಂಕಿ ಕ್ಯಾಬಿನ್ನನ್ನು ಆವರಿಸಿತು. ಒಳಗಿದ್ದ 46 ಮಂದಿಯಲ್ಲಿ 23 ಮಂದಿ ಹೊರಬರಲಾಗದೆ ಸತ್ತರು.

44ಕ್ಕಿಂತ ಹೆಚ್ಚು ಸೀಟುಗಳ ಪ್ರಯಾಣಿಕ ವಿಮಾನಕ್ಕೆ ಪ್ರಮಾಣಪತ್ರ ಸಿಗಬೇಕಾದರೆ, ಅರ್ಧದಷ್ಟು ಬಾಗಿಲುಗಳನ್ನು ಮಾತ್ರ ಬಳಸಿ, ಕತ್ತಲಲ್ಲಿ, ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿಮಾಡಿ ತೋರಿಸಬೇಕು. ಮೊದಲು 120 ಸೆಕೆಂಡಿದ್ದ ಈ ಮಿತಿಯನ್ನು ಅಮೆರಿಕ 1967ರಲ್ಲಿ 90ಕ್ಕೆ ಇಳಿಸಿತು. 2006ರ ಮಾರ್ಚ್‌ನಲ್ಲಿ ಜರ್ಮನಿಯ ಹ್ಯಾಂಬರ್ಗ್‌ನಲ್ಲಿ ಏರ್‌ಬಸ್ ಎ380 ವಿಮಾನದ ಪರೀಕ್ಷೆ ನಡೆದಾಗ 873 ಮಂದಿ 78 ಸೆಕೆಂಡಿನಲ್ಲಿ ಹೊರಬಂದರು. ಆದರೆ ಪರೀಕ್ಷೆಯಲ್ಲಿ ಪಾಲ್ಗೊಂಡವರಿಗೆ ನಿಜವಾದ ಹೊಗೆ ಇರಲಿಲ್ಲ, ಕಂಕುಳಲ್ಲಿ ಕೂಸು ಇರಲಿಲ್ಲ, ಕಾಲು ನೋವಿನ ಮುದುಕರು ಮುಂದೆ ನಿಂತಿರಲಿಲ್ಲ. ಆದ್ದರಿಂದ 90 ಸೆಕೆಂಡ್ ಎಂಬುದು ವಿಮಾನದ ವಿನ್ಯಾಸಕ್ಕೆ ಹಾಕಿದ ಅಳತೆಯೇ ಹೊರತು ಪ್ರಯಾಣಿಕರಿಗೆ ಕೊಟ್ಟ ಭರವಸೆಯಲ್ಲ.

ಮ್ಯಾಂಚೆಸ್ಟರ್, ರಿಯಾದ್

ಈಗಿನ ಕ್ರಮಗಳಲ್ಲಿ ಬಹಳಷ್ಟು ರೂಪುಗೊಂಡದ್ದು 1985ರ ಆಗಸ್ಟ್ 22ರ ಬೆಳಗ್ಗೆ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಿಲ್ದಾಣದಲ್ಲಿ ನಡೆದ ದುರಂತದಿಂದ. ಗ್ರೀಸ್‌ನ ಕಾರ್ಫು ದ್ವೀಪಕ್ಕೆ ಹೊರಟಿದ್ದ ಬ್ರಿಟಿಷ್ ಏರ್‌ಟೂರ್ಸ್ ಕಂಪನಿಯ ಬೋಯಿಂಗ್ 737 ವಿಮಾನ ಟೇಕಾಫ್ ಓಟದಲ್ಲಿದ್ದಾಗ ದಬ್ ಎಂಬ ಸದ್ದಾಯಿತು. ಟೈರ್ ಸಿಡಿದಿರಬೇಕು ಅಥವಾ ಹಕ್ಕಿ ಬಡಿದಿರಬೇಕು ಎಂದುಕೊಂಡ ಪೈಲಟ್‌ಗಳು ಟೇಕಾಫ್ ಕೈಬಿಟ್ಟರು, ಟೈರಿಗೆ ಇನ್ನಷ್ಟು ಹಾನಿಯಾಗದಿರಲೆಂದು ಬ್ರೇಕನ್ನು ಮೆತ್ತಗೆ ಒತ್ತಿದರು. ನಿಜವಾಗಿ ಎಡ ಎಂಜಿನ್ನಿನ ದಹನಕೋಶವೊಂದು ಒಡೆದು, ಅದರ ಚೂರು ರೆಕ್ಕೆಯಡಿಯ ಟ್ಯಾಂಕಿನ ಮುಚ್ಚಳವನ್ನು ಸೀಳಿತ್ತು. ಸುರಿದ ಇಂಧನ ಆಗಲೇ ಉರಿಯುತ್ತಿತ್ತು. ವಿಮಾನ ರನ್‌ವೇ ಬಿಟ್ಟು ಬಲಕ್ಕೆ ತಿರುಗಿ ನಿಂತಿತು. ಎಡದಿಂದ ಹಗುರವಾಗಿ ಬೀಸುತ್ತಿದ್ದ ಗಾಳಿ ಜ್ವಾಲೆಯನ್ನು ನೇರವಾಗಿ ಒಡಲಿಗೆ ತಳ್ಳಿತು.

ಒಳಗೆ ಒಂದರ ಹಿಂದೊಂದು ಅಡ್ಡಿ. ಮುಂದಿನ ಬಲ ಬಾಗಿಲು ತೆರೆಯುವಾಗ, ತುರ್ತಾಗಿ ಇಳಿಯಲು ಬಳಸುವ ಜಾರುಬಂಡಿಯ ಪೆಟ್ಟಿಗೆ ಸಿಕ್ಕಿಹಾಕಿಕೊಂಡಿತು. ರೆಕ್ಕೆಯ ಮೇಲಿನ ತುರ್ತು ಬಾಗಿಲನ್ನು ಎಳೆದ ಪ್ರಯಾಣಿಕರ ಮೇಲೆ ಸುಮಾರು 22 ಕಿಲೋ ತೂಕದ ಆ ಹಲಗೆಯೇ ಬಿತ್ತು. ಮುಂಬಾಗಿಲಿಗೆ ಹೋಗುವ ದಾರಿ ಎರಡು ಅಡ್ಡಗೋಡೆಗಳ ನಡುವೆ ಸುಮಾರು 57 ಸೆಂಟಿಮೀಟರ್ ಅಗಲವಷ್ಟೇ ಇತ್ತು. ಜನ ಅಲ್ಲಿ ಒತ್ತೊತ್ತಾಗಿ ಸಿಲುಕಿದರು. 137 ಮಂದಿಯಲ್ಲಿ 55 ಮಂದಿ ಸತ್ತರು, ಬಹುತೇಕರು ಹೊಗೆಯಿಂದ. ಸೀಟುಗಳಿಗೆ ಬೆಂಕಿ ತಡೆಯುವ ಹೊದಿಕೆ, ಹೊಗೆಯಲ್ಲಿ ತೆವಳಿಕೊಂಡು ಹೋಗುವವರಿಗೆ ದಾರಿ ತೋರಿಸುವ ನೆಲದೀಪ, ತುರ್ತು ಬಾಗಿಲಿನ ಬಳಿ ಹೆಚ್ಚಿನ ಜಾಗ, ಗಟ್ಟಿಯಾದ ಟ್ಯಾಂಕ್ ಮುಚ್ಚಳ ಎಲ್ಲೆಡೆ ಬಳಕೆಗೆ ಬಂದದ್ದರಲ್ಲಿ ಈ ಘಟನೆಯ ಪಾಲು ದೊಡ್ಡದು. ನಿಲ್ಲುವ ಮುನ್ನ ಗಾಳಿಯ ದಿಕ್ಕು ನೋಡಬೇಕು, ಸಾಧ್ಯವಾದರೆ ರನ್‌ವೇ ಮೇಲೆಯೇ ನಿಲ್ಲಬೇಕು ಎಂಬ ತಿಳಿವಳಿಕೆಯೂ ಇದರಿಂದ ಬಲಗೊಂಡಿತು.

ತಡ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ 1980ರ ಆಗಸ್ಟ್ 19ರ ರಿಯಾದ್ ಘಟನೆಗಿಂತ ದಾರುಣವಾದ ಉದಾಹರಣೆ ಇಲ್ಲ. ಸೌದಿಯಾ ಕಂಪನಿಯ ಲಾಕ್‌ಹೀಡ್ ಟ್ರೈಸ್ಟಾರ್ ವಿಮಾನ ರಿಯಾದ್‌ನಿಂದ ಹಾರಿದ ಸ್ವಲ್ಪ ಹೊತ್ತಿಗೆ ಹಿಂಬದಿಯ ಸರಕು ಕೋಣೆಯಲ್ಲಿ ಹೊಗೆಯ ಎಚ್ಚರಿಕೆ ಬಂತು. ವಿಮಾನ ಹಿಂದಿರುಗಿ ಸುಸೂತ್ರವಾಗಿ ಇಳಿಯಿತು. ಆದರೆ ಅಲ್ಲೇ ನಿಲ್ಲದೆ ರನ್‌ವೇಯ ತುದಿಯವರೆಗೆ ಸಾಗಿ ಟ್ಯಾಕ್ಸಿವೇಗೆ ತಿರುಗಿತು. ನಿಂತ ಮೇಲೂ ಮೂರು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಂಜಿನ್‌ಗಳು ಓಡುತ್ತಲೇ ಇದ್ದವು, ಹೊರಗಿದ್ದ ಅಗ್ನಿಶಾಮಕರಿಗೆ ಹತ್ತಿರ ಹೋಗಲಾಗಲಿಲ್ಲ. ಒಳಗಿನಿಂದ ಒಂದು ಬಾಗಿಲೂ ತೆರೆಯಲಿಲ್ಲ. ಎಂಜಿನ್ ನಿಂತ ಸುಮಾರು 23 ನಿಮಿಷಗಳ ಬಳಿಕ ಹೊರಗಿನವರು ಬಾಗಿಲು ತೆರೆದಾಗ 301 ಮಂದಿಯಲ್ಲಿ ಒಬ್ಬರೂ ಬದುಕಿರಲಿಲ್ಲ. ಕ್ಷೇಮವಾಗಿ ನೆಲ ಮುಟ್ಟಿದ ವಿಮಾನದಲ್ಲಿ ಇಷ್ಟು ಜೀವಗಳು ಹೋದದ್ದಕ್ಕೆ ಬೆಂಕಿಯಷ್ಟೇ ನಿರ್ಧಾರದ ವಿಳಂಬವೂ ಕಾರಣ.

ಕಾಕ್‌ಪಿಟ್‌ನ ಕ್ರಮ

ಬೆಂಕಿಯ ಎಚ್ಚರಿಕೆ ಬಂದಾಗ ಮಾಡಬೇಕಾದ ಕೆಲಸಗಳ ಅನುಕ್ರಮ ಎಲ್ಲ ದೊಡ್ಡ ವಿಮಾನಗಳಲ್ಲೂ ಹೆಚ್ಚುಕಡಿಮೆ ಒಂದೇ. ವಿಮಾನವನ್ನು ನಿಲ್ಲಿಸಿ ಪಾರ್ಕಿಂಗ್ ಬ್ರೇಕ್ ಹಾಕಬೇಕು, ನಿಯಂತ್ರಣ ಗೋಪುರಕ್ಕೂ ಕ್ಯಾಬಿನ್ ಸಿಬ್ಬಂದಿಗೂ ತಿಳಿಸಬೇಕು, ಎಂಜಿನ್‌ಗಳಿಗೆ ಇಂಧನ ಕಡಿಯಬೇಕು, ಫೈರ್ ಹ್ಯಾಂಡಲ್ ಎಳೆಯಬೇಕು (ಏರ್‌ಬಸ್‌ಗಳಲ್ಲಿ ಅದು ಒತ್ತುವ ಗುಂಡಿ), ಅಗತ್ಯವಿದ್ದರೆ ಬೆಂಕಿ ಆರಿಸುವ ಅನಿಲ ಬಿಡಬೇಕು, ಆಮೇಲೆ ತೆರವಿನ ಆದೇಶ ಕೊಡಬೇಕು ಅಥವಾ ತೆರವು ಬೇಡವೆಂದು ಸ್ಪಷ್ಟವಾಗಿ ಹೇಳಬೇಕು. ಫೈರ್ ಹ್ಯಾಂಡಲ್ ಎಳೆದಾಗ ಆ ಎಂಜಿನ್ನಿಗೆ ಹೋಗುವ ಇಂಧನ ಮತ್ತು ಹೈಡ್ರಾಲಿಕ್ ದ್ರವದ ಕವಾಟಗಳು ಮುಚ್ಚುತ್ತವೆ, ಜನರೇಟರ್ ಸಂಪರ್ಕ ಕಳಚುತ್ತದೆ, ಬೆಂಕಿ ಆರಿಸುವ ಬಾಟಲಿಗಳು ಸಿದ್ಧವಾಗುತ್ತವೆ. ಈ ಬಾಟಲಿಗಳಲ್ಲಿರುವುದು ಸಾಮಾನ್ಯವಾಗಿ ಹ್ಯಾಲಾನ್ 1301 ಅನಿಲ.

ಎಂಜಿನ್ ನಿಲ್ಲಿಸುವುದು ಮೊದಲು, ಬಾಗಿಲು ತೆರೆಯುವುದು ಆಮೇಲೆ. ಈ ಕ್ರಮ ತಪ್ಪಿದರೆ ಏನಾಗುತ್ತದೆಂಬುದು 2016ರ ಅಕ್ಟೋಬರ್ 28ರಂದು ಷಿಕಾಗೊದ ಓಹೇರ್ ನಿಲ್ದಾಣದಲ್ಲಿ ಕಂಡಿತು. ಅಮೆರಿಕನ್ ಏರ್‌ಲೈನ್ಸ್‌ನ ಬೋಯಿಂಗ್ 767 ವಿಮಾನದ ಬಲ ಎಂಜಿನ್ನಿನ ಟರ್ಬೈನ್ ತಟ್ಟೆ ಟೇಕಾಫ್ ಓಟದಲ್ಲಿ ಒಡೆದು ಬೆಂಕಿ ಹೊತ್ತಿಕೊಂಡಿತು. ಪ್ರಯಾಣಿಕರು ಇನ್ನೊಂದು ಬದಿಯಿಂದ ಇಳಿಯತೊಡಗಿದಾಗ ಎಡ ಎಂಜಿನ್ ಇನ್ನೂ ಓಡುತ್ತಿತ್ತು. ಅದರ ರಭಸಕ್ಕೆ ಸಿಕ್ಕಿ ಬಿದ್ದ ಒಬ್ಬರಿಗೆ ಗಂಭೀರ ಗಾಯವಾಯಿತು. ವಿಮಾನದಲ್ಲಿದ್ದ 170 ಮಂದಿಯೂ ಬದುಕಿದರು.

ತೆರವು ಬೇಕೋ ಬೇಡವೋ ಎಂಬುದು ಕ್ಯಾಪ್ಟನ್ನಿನ ನಿರ್ಧಾರ. ಕಡಿದಾದ ಜಾರುಬಂಡಿಯಲ್ಲಿ ಇಳಿಯುವಾಗ ಕಾಲು ಮುರಿಯುವುದು, ಚರ್ಮ ಕಿತ್ತುಹೋಗುವುದು ಅಪರೂಪವಲ್ಲ. ಆದ್ದರಿಂದ ಎಲ್ಲ ಎಚ್ಚರಿಕೆಗೂ ಅದೇ ಉತ್ತರವಲ್ಲ. 2022ರ ಅಕ್ಟೋಬರ್ 28ರಂದು ದೆಹಲಿಯಿಂದ ಬೆಂಗಳೂರಿಗೆ ಹೊರಟಿದ್ದ ಇಂಡಿಗೊ ಎ320 ವಿಮಾನದ ಎಂಜಿನ್ನಿನಲ್ಲಿ ಟೇಕಾಫ್ ವೇಳೆ ಬೆಂಕಿ ಕಾಣಿಸಿತು. ಟೇಕಾಫ್ ಕೈಬಿಟ್ಟು ಬಾಟಲಿಯ ಅನಿಲ ಬಿಟ್ಟದ್ದೇ ಸಾಕಾಯಿತು, ಪ್ರಯಾಣಿಕರನ್ನು ಆಮೇಲೆ ಸಾವಕಾಶವಾಗಿ ಇಳಿಸಲಾಯಿತು. 2024ರ ಮೇ 18ರ ರಾತ್ರಿ ಬೆಂಗಳೂರಿನಿಂದ ಕೊಚ್ಚಿಗೆ ಹಾರಿದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಎಂಜಿನ್ನಿನಲ್ಲಿ ಬೆಂಕಿಯ ಶಂಕೆಯಿಂದ ಕೆಂಪೇಗೌಡ ನಿಲ್ದಾಣಕ್ಕೆ ಮರಳಿದಾಗ ತೀರ್ಮಾನ ಬೇರೆಯಾಯಿತು. 179 ಪ್ರಯಾಣಿಕರು ಮತ್ತು 6 ಸಿಬ್ಬಂದಿ ತುರ್ತಾಗಿ ಹೊರಬಂದರು. ಕೆಲವರಿಗೆ ಸಣ್ಣಪುಟ್ಟ ಗಾಯಗಳಾದವು. ಬೆಂಕಿ ಆರಿದೆ ಎಂಬ ಖಾತ್ರಿ ಇಲ್ಲದಿದ್ದಾಗ ಗಾಯದ ಭಯಕ್ಕೆ ಕಾಯುವುದು ಸಲ್ಲದು. ರಿಯಾದ್ ಕಲಿಸಿದ್ದು ಅದನ್ನೇ.

ಕ್ಯಾಬಿನ್‌ನಲ್ಲಿ

ಆದೇಶ ಬಂದ ಮೇಲೆ ಭಾರವೆಲ್ಲ ಕ್ಯಾಬಿನ್ ಸಿಬ್ಬಂದಿಯ ಮೇಲೆ. ಬಾಗಿಲು ತೆರೆಯುವ ಮುನ್ನ ಅದರ ಕಿಟಕಿಯಿಂದ ಹೊರಗೆ ನೋಡಬೇಕು. ಬೆಂಕಿ ಕಂಡರೆ ಆ ಬಾಗಿಲನ್ನು ಮುಚ್ಚಿಟ್ಟು ಜನರನ್ನು ಬೇರೆ ಕಡೆಗೆ ತಿರುಗಿಸಬೇಕು. 2024ರ ಜನವರಿ 2ರಂದು ಟೋಕಿಯೊದ ಹನೇಡಾ ನಿಲ್ದಾಣದಲ್ಲಿ ಜಪಾನ್ ಏರ್‌ಲೈನ್ಸ್‌ನ ಎ350 ವಿಮಾನ ಇಳಿಯುತ್ತಲೇ ರನ್‌ವೇ ಮೇಲಿದ್ದ ಕರಾವಳಿ ಕಾವಲು ಪಡೆಯ ವಿಮಾನಕ್ಕೆ ಡಿಕ್ಕಿ ಹೊಡೆದು ಹೊತ್ತಿಕೊಂಡಿತು. ಪ್ರಕಟಣೆಯ ಧ್ವನಿವರ್ಧಕ ಕೆಟ್ಟುಹೋಗಿತ್ತು. ಸಿಬ್ಬಂದಿ ಮೆಗಾಫೋನ್ ಹಿಡಿದು, ಕೂಗಿ ಹೇಳಿ, ಎಂಟು ಬಾಗಿಲುಗಳಲ್ಲಿ ಸುರಕ್ಷಿತವಾಗಿದ್ದ ಮೂರನ್ನು ಮಾತ್ರ ಬಳಸಿ 379 ಮಂದಿಯನ್ನೂ ಹೊರಗೆ ಕಳುಹಿಸಿದರು. ಇಡೀ ತೆರವಿಗೆ ಸುಮಾರು 18 ನಿಮಿಷ ಹಿಡಿಯಿತು, ಕ್ಯಾಪ್ಟನ್ ಕೊನೆಯವರಾಗಿ ಇಳಿದರು. ಕಾವಲು ಪಡೆಯ ವಿಮಾನದ ಆರು ಮಂದಿಯಲ್ಲಿ ಐವರು ಸತ್ತರು. ಜಪಾನ್ ಏರ್‌ಲೈನ್ಸ್‌ನ ಪ್ರಯಾಣಿಕರು ಸಾಮಾನು ಬಿಟ್ಟು ಹೊರಟದ್ದು ಎಲ್ಲರ ಮೆಚ್ಚುಗೆಗೆ ಪಾತ್ರವಾಯಿತು, ನ್ಯಾಯವಾಗಿಯೇ. 2016ರ ಆಗಸ್ಟ್ 3ರಂದು ತಿರುವನಂತಪುರದಿಂದ ಹೋಗಿ ದುಬೈನಲ್ಲಿ ಅಪಘಾತಕ್ಕೀಡಾದ ಎಮಿರೇಟ್ಸ್ ಬೋಯಿಂಗ್ 777ರಲ್ಲಿ ಹಲವರು ಚೀಲಗಳನ್ನು ಎಳೆದುಕೊಳ್ಳುತ್ತ ದಾರಿ ಕಟ್ಟಿದ್ದರು. ಅಲ್ಲಿಯೂ 300 ಮಂದಿ ಪಾರಾದರು, ಆದರೆ ಟ್ಯಾಂಕ್ ಸ್ಫೋಟಿಸಿ ಅಗ್ನಿಶಾಮಕ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಬಾಗಿಲ ಬಳಿ ಒಂದು ಚೀಲ ಸಿಕ್ಕಿಕೊಂಡರೆ ನಷ್ಟವಾಗುವ ಸೆಕೆಂಡುಗಳು ಹಿಂದೆ ನಿಂತವರವು.

ಬೆಂಕಿಯ ಬಗೆಗಳು

ಎಲ್ಲ ಬೆಂಕಿಗೂ ಒಂದೇ ಮದ್ದಲ್ಲ. ಎಂಜಿನ್ ಶುರುಮಾಡುವಾಗ ಅಥವಾ ನಿಲ್ಲಿಸುವಾಗ ಹಿಂಬದಿಯ ಕೊಳವೆಯಿಂದ ಜ್ವಾಲೆ ಹೊರಬರುವುದುಂಟು. ಒಳಗೆ ನಿಂತ ಹೆಚ್ಚುವರಿ ಇಂಧನ ಅಲ್ಲೇ ಉರಿಯುವುದು ಇದಕ್ಕೆ ಕಾರಣ. ನೋಡುವವರ ಎದೆ ನಡುಗಿಸುವ ದೃಶ್ಯ ಅದು, ಆದರೆ ಎಂಜಿನ್ನಿನ ಹೊರಕವಚದಲ್ಲಿರುವ ಬೆಂಕಿ ಪತ್ತೆ ತಂತಿಗಳಿಗೆ ಇದು ತಿಳಿಯುವುದಿಲ್ಲ. ಕಾಕ್‌ಪಿಟ್‌ನಲ್ಲಿ ಗಂಟೆ ಬಾರಿಸುವುದಿಲ್ಲ. ನೆಲದ ಸಿಬ್ಬಂದಿಯೋ ಗೋಪುರವೋ ಹೇಳಬೇಕು. ಆಗ ಇಂಧನ ಕಡಿದು, ಸ್ಟಾರ್ಟರ್‌ನಿಂದ ಎಂಜಿನ್ನನ್ನು ಒಣಗಾಗಿ ತಿರುಗಿಸಿದರೆ ಗಾಳಿಯೇ ಬೆಂಕಿಯನ್ನು ಹೊರದೂಡಿ ಆರಿಸುತ್ತದೆ. ಇಲ್ಲಿ ಅವಸರಪಟ್ಟು ಫೈರ್ ಗುಂಡಿ ಒತ್ತಿದರೆ ಏರ್‌ಬಸ್‌ಗಳಲ್ಲಿ ಎಂಜಿನ್ ನಿಯಂತ್ರಕದ ವಿದ್ಯುತ್ ಕಡಿದುಹೋಗಿ, ತಿರುಗಿಸುವ ದಾರಿಯೇ ಮುಚ್ಚುತ್ತದೆ. ಬಾಲದಲ್ಲಿರುವ ಸಹಾಯಕ ಎಂಜಿನ್ ಎಪಿಯು ಮಾತ್ರ ಹೊಸ ವಿಮಾನಗಳಲ್ಲಿ ನೆಲದ ಮೇಲೆ ಬೆಂಕಿ ಕಂಡೊಡನೆ ತಾನೇ ನಿಲ್ಲುತ್ತದೆ.

ಬ್ರೇಕಿನ ಬೆಂಕಿ ಮೋಸಗಾರ. ಜೋರಾಗಿ ಬ್ರೇಕ್ ಹಾಕಿ ನಿಂತ ಮೇಲೂ ಒಳಗಿನ ಶಾಖ ಚಕ್ರಕ್ಕೆ ಹರಡುತ್ತ ಹೋಗಿ, ಎಷ್ಟೋ ನಿಮಿಷ ಕಳೆದ ಮೇಲೆ ಅತಿ ಹೆಚ್ಚಿನ ಮಟ್ಟ ಮುಟ್ಟುತ್ತದೆ. ಚಕ್ರದಲ್ಲಿರುವ ಕರಗುವ ಬಿರಡೆಗಳು ಶಾಖಕ್ಕೆ ಕರಗಿ ಟೈರಿನ ಗಾಳಿಯನ್ನು ಹೊರಬಿಡುತ್ತವೆ. ಅವು ಕೆಲಸ ಮಾಡದಿದ್ದರೆ ಚಕ್ರ ಸಿಡಿಯಬಹುದು, ಆಗ ಚೂರುಗಳು ಅಚ್ಚಿನ ನೇರಕ್ಕೆ ಎರಡೂ ಪಕ್ಕಗಳಿಗೆ ಹಾರುತ್ತವೆ. ಅದಕ್ಕಾಗಿ ಬಿಸಿ ಚಕ್ರದ ಹತ್ತಿರ ಹೋಗುವವರು ಮುಂದಿನಿಂದ ಅಥವಾ ಹಿಂದಿನಿಂದ ಹೋಗಬೇಕು, ಪಕ್ಕದಿಂದ ಕೂಡದು. ಟೈರಿನ ತಾಪವನ್ನು ಹಗುರವಾಗಿ ಕಂಡರೆ ಏನಾಗುತ್ತದೆಂಬುದಕ್ಕೆ 1991ರ ಜುಲೈ 11ರ ಜೆದ್ದಾ ದುರಂತ ಸಾಕ್ಷಿ. ಗಾಳಿ ಕಡಿಮೆಯಿದ್ದ ಟೈರುಗಳು ಟೇಕಾಫ್ ಓಟದಲ್ಲೇ ಕಾದು ಹೊತ್ತಿಕೊಂಡಿದ್ದವು. ಅದನ್ನರಿಯದೆ ಚಕ್ರಗಳನ್ನು ಒಳಗೆಳೆದುಕೊಂಡು ಹಾರಿದ ನೇಷನ್‌ಏರ್‌ನ ಡಿಸಿ-8 ವಿಮಾನ ಹಿಂದಿರುಗುವಷ್ಟರಲ್ಲಿ ಉರಿದು ಬಿದ್ದು 261 ಮಂದಿ ಸತ್ತರು.

ಇಂಧನ ಸೋರಿಕೆಯಲ್ಲಿ ಮೊದಲ ಕಣ್ಣು ನೆಲದ ಸಿಬ್ಬಂದಿಯದು. 2007ರ ಆಗಸ್ಟ್ 20ರಂದು ಜಪಾನಿನ ನಾಹಾದಲ್ಲಿ ಚೀನಾ ಏರ್‌ಲೈನ್ಸ್‌ನ ಬೋಯಿಂಗ್ 737 ಎಂದಿನಂತೆ ಇಳಿದು ತನ್ನ ಜಾಗಕ್ಕೆ ಬಂದು ನಿಂತಿತ್ತು. ರೆಕ್ಕೆಯೊಳಗೆ ಕಳಚಿಕೊಂಡ ಬೋಲ್ಟೊಂದು ಟ್ಯಾಂಕನ್ನು ತೂತು ಮಾಡಿ, ಸೋರಿದ ಇಂಧನ ಎಂಜಿನ್ನಿನ ಬಿಸಿಗೆ ಹೊತ್ತಿಕೊಂಡಿತು. ವಿಮಾನ ಪೂರ್ತಿ ಸುಟ್ಟುಹೋದರೂ 165 ಮಂದಿಯೂ ಹೊರಬಂದಿದ್ದರು. ಇಂಧನ ತುಂಬುವಾಗ ವಿಮಾನಕ್ಕೂ ಇಂಧನದ ಟ್ಯಾಂಕರ್‌ಗೂ (ಬೌಸರ್) ತಂತಿಯ ಜೋಡಣೆ ಇರಬೇಕು, ತುಂಬುವವರ ಕೈಯಲ್ಲಿ ಬಿಟ್ಟೊಡನೆ ಹರಿವು ನಿಲ್ಲಿಸುವ ಸ್ವಿಚ್ ಇರಬೇಕು. ಪ್ರಯಾಣಿಕರು ಒಳಗಿದ್ದರೆ ಅವರು ಬೆಲ್ಟ್ ಬಿಚ್ಚಿ ಕೂತಿರಬೇಕು, ಇಳಿಯುವ ದಾರಿ ತೆರವಾಗಿರಬೇಕು.

ಲಿಥಿಯಂ ಬ್ಯಾಟರಿ ಈಚಿನ ಚಿಂತೆ. 2013ರ ಜುಲೈ 12ರಂದು ಲಂಡನ್ನಿನ ಹೀಥ್ರೂದಲ್ಲಿ ಖಾಲಿ ನಿಂತಿದ್ದ ಇಥಿಯೋಪಿಯನ್ ಏರ್‌ಲೈನ್ಸ್‌ನ ಬೋಯಿಂಗ್ 787ರ ಮೇಲ್ಭಾಗ, ತುರ್ತು ಸಂಕೇತ ಕಳುಹಿಸುವ ಸಾಧನದ ಬ್ಯಾಟರಿಯಿಂದ ಸುಟ್ಟಿತು. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್‌ಹೇಯಲ್ಲಿ ಹೊರಡಲು ಸಿದ್ಧವಾಗಿದ್ದ ಏರ್ ಬುಸಾನ್ ಎ321 ತಲೆಮೇಲಿನ ಸಾಮಾನು ಗೂಡಿನಿಂದ ಹೊತ್ತಿಕೊಂಡಿತು. ಪವರ್ ಬ್ಯಾಂಕ್ ಮೇಲೆ ಅನುಮಾನ ಬಂದು, ಅವನ್ನು ಮೇಲಿನ ಗೂಡಿನಲ್ಲಿ ಇಡುವುದನ್ನು ಆ ದೇಶ ನಿಷೇಧಿಸಿತು. ಬ್ಯಾಟರಿಯ ಜ್ವಾಲೆ ಆರಿದರೂ ಒಳಗಿನ ಕೋಶಗಳು ಒಂದರಿಂದೊಂದು ಕಾದು ಮತ್ತೆ ಹೊತ್ತಿಕೊಳ್ಳುವುದರಿಂದ ಧಾರಾಳವಾಗಿ ನೀರು ಸುರಿದು ತಣಿಸುವುದೇ ದಾರಿ.

ನಿಲ್ದಾಣದ ಅಗ್ನಿಶಾಮಕ ದಳ

ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ನಿಲ್ದಾಣಗಳ ಅಗ್ನಿಶಾಮಕ ಸಾಮರ್ಥ್ಯವನ್ನು 1ರಿಂದ 10ರವರೆಗೆ ವರ್ಗೀಕರಿಸಿದೆ. ಅಲ್ಲಿಗೆ ಬರುವ ವಿಮಾನದ ಉದ್ದ ಮತ್ತು ಒಡಲಿನ ಅಗಲ ಈ ವರ್ಗವನ್ನು ನಿರ್ಧರಿಸುತ್ತವೆ. ಎಟಿಆರ್-72ಕ್ಕೆ 5ನೇ ವರ್ಗ ಸಾಕು, ಎ320ಗೆ 6, ಬೋಯಿಂಗ್ 737-800ಕ್ಕೆ 7 ಬೇಕು. ಎ380 ಉದ್ದದ ಲೆಕ್ಕದಲ್ಲಿ 9ನೇ ವರ್ಗಕ್ಕೆ ಬಂದರೂ ಒಡಲಿನ ಅಗಲ 7 ಮೀಟರ್ ಮೀರುವುದರಿಂದ 10ಕ್ಕೆ ಏರುತ್ತದೆ. 5ನೇ ವರ್ಗದವರೆಗೆ ಕನಿಷ್ಠ ಒಂದು ವಾಹನ, 6 ಮತ್ತು 7ಕ್ಕೆ ಎರಡು, ಅದರ ಮೇಲೆ ಮೂರು. ಕರೆ ಬಂದ ಮೂರು ನಿಮಿಷದೊಳಗೆ ರನ್‌ವೇಯ ಯಾವ ಮೂಲೆಗಾದರೂ ತಲುಪಿ ನೊರೆ ಹಾಯಿಸಲು ಶುರುಮಾಡಬೇಕು. ಎರಡು ನಿಮಿಷದ ಗುರಿ ಇಟ್ಟುಕೊಳ್ಳುವುದು ಉತ್ತಮ ಎಂಬುದು ಸಂಸ್ಥೆಯ ಸಲಹೆ. 4,500 ಲೀಟರಿಗಿಂತ ಹೆಚ್ಚು ನೀರು ಹೊರುವ ಕ್ರ್ಯಾಶ್ ಫೈರ್ ಟೆಂಡರ್ (ನಿಲ್ದಾಣದ ಅಗ್ನಿಶಾಮಕ ವಾಹನ) 40 ಸೆಕೆಂಡಿನಲ್ಲಿ ಗಂಟೆಗೆ 80 ಕಿಲೋಮೀಟರ್ ವೇಗ ಪಡೆಯಬೇಕು. ಓಡುತ್ತಲೇ ಛಾವಣಿಯ ಮೇಲಿನ ಫಿರಂಗಿಯಿಂದ ನೊರೆ ಚಿಮ್ಮಿಸುವ ಸಾಮರ್ಥ್ಯ ಇದರ ವಿಶೇಷ.

ದಳದ ಮೊದಲ ಗುರಿ ಬೆಂಕಿ ಪೂರ್ತಿ ಆರಿಸುವುದಲ್ಲ. ಒಡಲನ್ನು ತಣ್ಣಗಿಟ್ಟು, ಜನ ಇಳಿಯುವ ಬಾಗಿಲುಗಳ ಸುತ್ತ ಬೆಂಕಿಯನ್ನು ದೂರ ತಳ್ಳುವುದು. ನೊರೆ ಉರಿಯುವ ಇಂಧನದ ಮೇಲೆ ಹರಡಿ ಗಾಳಿಯ ಸಂಪರ್ಕ ತಪ್ಪಿಸುತ್ತದೆ. ದಶಕಗಳಿಂದ ಬಳಕೆಯಲ್ಲಿದ್ದ ಫ್ಲೋರಿನ್ ಸಂಯುಕ್ತಗಳ ನೊರೆ ಮಣ್ಣು, ಅಂತರ್ಜಲ ಸೇರಿ ನಾಶವಾಗದೆ ಉಳಿಯುವುದರಿಂದ ಹಲವು ದೇಶಗಳು ಫ್ಲೋರಿನ್‌ರಹಿತ ನೊರೆಗೆ ಬದಲಾಗುತ್ತಿವೆ. ನೊರೆಯಲ್ಲಿ ಇನ್ನೊಂದು ಅಪಾಯವೂ ಅಡಗಿದೆ. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಷಿಯಾನಾ ಏರ್‌ಲೈನ್ಸ್‌ನ ವಿಮಾನ ನೆಲಕ್ಕಪ್ಪಳಿಸಿದಾಗ ನೆಲದಲ್ಲಿ ನೊರೆ ಮುಚ್ಚಿ ಬಿದ್ದಿದ್ದ ಪ್ರಯಾಣಿಕರೊಬ್ಬರ ಮೇಲೆ ರಕ್ಷಣಾ ವಾಹನ ಹರಿಯಿತು. ವಾಹನದ ಮುಂದೆ ನಡೆದು ದಾರಿ ತೋರಿಸುವವರು ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ.

ರೇಡಿಯೊ ಕೈಕೊಟ್ಟರೆ ಕೈಸನ್ನೆಗಳಿವೆ. ಮುಂದೆ ನಿಂತ ಅಗ್ನಿಶಾಮಕ ಅಧಿಕಾರಿ ಒಂದು ತೋಳನ್ನು ಅಡ್ಡಲಾಗಿ ಚಾಚಿ, ಕೈಯನ್ನು ಕಣ್ಣಿನ ಮಟ್ಟಕ್ಕೆತ್ತಿ ಹಿಂದಕ್ಕೆ ಕರೆಯುವಂತೆ ಆಡಿಸಿದರೆ ಪ್ರಯಾಣಿಕರನ್ನು ಇಳಿಸಿ ಎಂದರ್ಥ. ಎಡಗೈಯಿಂದ ಒಂದು ಜಾಗ ತೋರಿಸುತ್ತ ಬಲಗೈಯನ್ನು ಹೆಗಲಿನಿಂದ ಮಂಡಿಯವರೆಗೆ ಬೀಸಿದರೆ ಅಲ್ಲಿ ಬೆಂಕಿಯಿದೆ ಎಂದು.

ಆವರಣದ ಆಚೆ

ಮೂರು ನಿಮಿಷದ ಲೆಕ್ಕ ರನ್‌ವೇಗೆ ಸಲ್ಲುತ್ತದೆ, ಬೇಲಿಯ ಆಚೆಗಲ್ಲ. ಕರ್ನಾಟಕದ ಎರಡು ದೊಡ್ಡ ವಿಮಾನ ದುರಂತಗಳು ನಡೆದದ್ದು ಆಚೆಯೇ. 1990ರ ಫೆಬ್ರವರಿ 14ರಂದು ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನ ಬೆಂಗಳೂರಿನ ಎಚ್‌ಎಎಲ್ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕಪ್ಪಳಿಸಿ ಹೊತ್ತಿ ಉರಿಯಿತು. 146 ಮಂದಿಯಲ್ಲಿ 92 ಮಂದಿ ಸತ್ತರು. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಬೋಯಿಂಗ್ 737 ಮಂಗಳೂರಿನ ಬಜ್ಪೆಯ ಗುಡ್ಡದ ತಲೆಯ ರನ್‌ವೇಯನ್ನು ದಾಟಿ ಕಣಿವೆಗೆ ಬಿದ್ದು ಉರಿದಾಗ 166 ಮಂದಿಯಲ್ಲಿ 158 ಮಂದಿ ಇಲ್ಲವಾದರು. ಬದುಕಿದ ಎಂಟು ಮಂದಿ ಒಡಲು ಒಡೆದ ಜಾಗದಿಂದ ಹೊರಬಂದವರು. ಇಳಿಜಾರು, ಮರಗಿಡ, ಕಿರಿದಾದ ದಾರಿಗಳ ನಡುವೆ ಭಾರಿ ಟೆಂಡರುಗಳಿಗೆ ರನ್‌ವೇ ಮೇಲಿನ ವೇಗ ಸಿಗುವುದಿಲ್ಲ. ಇಂಥ ಕಡೆ ಜಿಲ್ಲಾಡಳಿತ, ರಾಜ್ಯ ಅಗ್ನಿಶಾಮಕ ಸೇವೆ, ಆಸ್ಪತ್ರೆ, ಪೊಲೀಸರು ಮತ್ತು ಊರಿನ ಜನ ನಿಲ್ದಾಣದ ದಳದಷ್ಟೇ ಮುಖ್ಯ.

ಬೆಂಕಿ ಆರಿದ ಮೇಲೂ ಕೆಲಸ ಮುಗಿಯುವುದಿಲ್ಲ. ಅವಶೇಷ ಮತ್ತೆ ಹೊತ್ತಿಕೊಳ್ಳದಂತೆ ಕಾಯಬೇಕು. ಕಾರ್ಬನ್ ನಾರಿನಿಂದ ಕಟ್ಟಿದ ಹೊಸ ವಿಮಾನಗಳು ಸುಟ್ಟಾಗ ಹಾರುವ ಸೂಕ್ಷ್ಮ ಎಳೆಗಳು ಶ್ವಾಸಕೋಶಕ್ಕೆ ಹಾನಿಕರವಾದ್ದರಿಂದ ಒಳಹೋಗುವವರು ಉಸಿರಾಟದ ಉಪಕರಣ ತೊಡಬೇಕು. ಸ್ವಿಚ್‌ಗಳು, ಬಾಗಿಲುಗಳು ಇದ್ದಂತೆಯೇ ಉಳಿಯಬೇಕು, ಏಕೆಂದರೆ ತನಿಖೆಗೆ ಅವೇ ಸಾಕ್ಷಿ. ಭಾರತದಲ್ಲಿ ಈ ತನಿಖೆಯ ಹೊಣೆ ವಿಮಾನ ಅಪಘಾತ ತನಿಖಾ ಬ್ಯೂರೊದ್ದು. ಪ್ರತಿ ನಿಲ್ದಾಣವೂ ಎರಡು ವರ್ಷ ಮೀರದಂತೆ ಒಮ್ಮೆ, ಹೊರಗಿನ ಸಂಸ್ಥೆಗಳನ್ನೂ ಸೇರಿಸಿಕೊಂಡು, ಪೂರ್ಣ ಪ್ರಮಾಣದ ತುರ್ತು ಅಣಕು ಕಾರ್ಯಾಚರಣೆ ನಡೆಸಬೇಕೆಂಬುದು ಅಂತರರಾಷ್ಟ್ರೀಯ ನಿಯಮ.